ಎರಡು ಸಲ ಮೂಸುವ ಮೂಸಮ್ಮ

ಮಕ್ಕಳೇ, ಕಾಡಂಚಿನ ಬಯಲಲ್ಲಿ ಗೆದ್ದಲು ಬಿಟ್ಟುಹೋದ ಹುತ್ತವೊಂದಿತ್ತು. ಅದರೊಳಗೆ ಕೆಂಪಿರುವೆಗಳ ದೊಡ್ಡ ಸಂಸಾರ. ಬಾಗಿಲು ಕಾಯುವವಳು ಮೂಸಮ್ಮ. ಬಂದವರನ್ನು ಮೀಸೆಯಿಂದ ಮುಟ್ಟಿ ಮೂಸಿ, ಮನೆಯ ವಾಸನೆ ಇದ್ದರೆ ಒಳಗೆ ಬಿಡುವುದು ಅಲ್ಲಿಯ ಕಟ್ಟಳೆ. ಉಳಿದ ಕಾವಲುಗಾರರು ಒಂದು ಸಲ ಮೂಸಿದರೆ ಇವಳು ಎರಡು ಸಲ ಮೂಸುತ್ತಿದ್ದಳು.

"ಹೊತ್ತ ಕಾಳು ಭಾರ ಆಗ್ತಿದೆ, ಬೇಗ ಬಿಡೇ!" ಎಂದು ಎಲ್ಲರೂ ಸಿಡುಕುತ್ತಿದ್ದರು. ಬರಬರುತ್ತ ಇವಳ ಬಾಗಿಲನ್ನೇ ಬಿಟ್ಟು ಬೇರೆ ಕಿಂಡಿಗಳಿಂದ ನುಗ್ಗತೊಡಗಿದರು. ಪಾಪ, ಮೂಸಮ್ಮನನ್ನು ಮಾತಾಡಿಸುವವರೇ ಇಲ್ಲ.

ಸಿಂಗಾರಿ ಒಬ್ಬಳು ಮಾತ್ರ ಬರುತ್ತಿದ್ದಳು. ಸುಡುಬಿಸಿಲಲ್ಲಿ ಹುತ್ತದ ಹೊರಗೋಡೆಗೆ ಮಣ್ಣು ಮೆತ್ತುವವಳು ಅವಳು. "ಊಟ ಆಯ್ತಾ ಮೂಸಕ್ಕಾ?" ಎಂದು ಕೇಳುತ್ತಿದ್ದಳು. ಅಷ್ಟಕ್ಕೇ ಮೂಸಮ್ಮನ ಜೀವ ತಣ್ಣಗಾಗುತ್ತಿತ್ತು.

ಒಂದು ದಿನ ಅವಳನ್ನು ಎರಡನೆಯ ಸಲ ಮೂಸಿದಾಗ, ಮನೆಯ ವಾಸನೆಯ ಅಡಿಯಲ್ಲಿ ಏನೋ ಕಹಿ ಬಡಿಯಿತು.

"ಇದೇನೇ ಇದು?"

"ಬಿಸಿಲಿಂದು ಕಣಕ್ಕಾ. ಇಷ್ಟಕ್ಕೇ ನನ್ನ ದೂರ ಮಾಡ್ತೀಯಾ?"

ಮೂಸಮ್ಮ ಯಾರಿಗೂ ಹೇಳದೆ ಅವಳನ್ನು ಒಳಗೆ ಬಿಟ್ಟಳು. ಇದ್ದ ಒಬ್ಬಳೇ ಗೆಳತಿಯನ್ನು ಕಳೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಸಿಂಗಾರಿಯೋ, ಮೆತ್ತುವ ಕೆಲಸ ಬಿಟ್ಟು, ಗೋಡೆಯನ್ನೇ ಕೊರೆದು, ರಾಣಿಯೊಬ್ಬಳೇ ಇಡಬೇಕಾದ ಮೊಟ್ಟೆಯನ್ನು ತಾನೇ ಕದ್ದುಮುಚ್ಚಿ ಇಡುತ್ತಿದ್ದಳು. ಹುಟ್ಟಿದವರೂ ಅವಳಂತೆಯೇ. ತಿನ್ನುವುದು, ಕೊರೆಯುವುದು, ಮತ್ತೆ ಮೊಟ್ಟೆ ಇಡುವುದು. ಒಂದು ಬೆಳಿಗ್ಗೆ ಗೋಡೆಯ ಮಗ್ಗುಲು ಕುಸಿದು, ರಾಣಿಯ ಹದಿಮೂರು ಮರಿಗಳು ಮಣ್ಣುಪಾಲಾದವು.

ಕುಸಿದ ಮಣ್ಣಿನಲ್ಲಿ ಅದೇ ಕಹಿ ವಾಸನೆ! ಮೂಸಮ್ಮ ಗೋಳೋ ಎಂದು ಅತ್ತಳು. ಆಮೇಲೆ ಅಲ್ಲಿ ಬಿದ್ದಿದ್ದ ಸಿಂಗಾರಿಯ ಮೊಟ್ಟೆಯ ಸಿಪ್ಪೆಯೊಂದನ್ನು ಕಚ್ಚಿ ತಂದು ನಡುಮನೆಯಲ್ಲಿ ಎಲ್ಲರ ಮುಂದಿಟ್ಟಳು.

"ಇದನ್ನ ಮೂಸಿ ನೋಡಿ."

"ನಮ್ಮ ಮನೇದೇ ವಾಸನೆ ಅಲ್ವೇನೇ?"

"ಇನ್ನೊಂದು ಸಲ ಮೂಸಿ."

ಮೂಸಿದರು. ಎಲ್ಲರ ಮೀಸೆಯೂ ನೆಟ್ಟಗಾಯಿತು. ಕಾವಲಿನ ದಂಡು ಆ ಕಹಿಯ ಜಾಡು ಹಿಡಿದು ಗೋಡೆಗೆ ನುಗ್ಗಿತು. ಸಂಜೆಯೊಳಗೆ ಅಡಗಿದವರೆಲ್ಲ ಹೊರಬಿದ್ದರು.

ಎಳೆದೊಯ್ಯುವಾಗ ಸಿಂಗಾರಿ ಬಾಗಿಲಲ್ಲಿ ತಿರುಗಿ ನೋಡಿದಳು. "ಹೇಳಿದ್ದು ನೀನೇನಾ ಅಕ್ಕಾ?"

"ಹೌದು ಕಣೇ. ಮೊದಲ ದಿನವೇ ಹೇಳಬೇಕಿತ್ತು."

ಆ ಸಿಪ್ಪೆ ಈಗಲೂ ನಡುಮನೆಯಲ್ಲಿದೆ. ಹೊಸದಾಗಿ ಹುಟ್ಟಿದ ಪ್ರತಿ ಇರುವೆಯೂ ಅದನ್ನು ಎರಡು ಸಲ ಮೂಸಿಯೇ ಕೆಲಸಕ್ಕೆ ಹೋಗಬೇಕು. ಅಂಥ ಕೇಡು ಮತ್ತೆ ತಲೆಯೆತ್ತಿದರೆ ಅಂದೇ ಗುರುತು ಸಿಗಲಿ ಎಂದು. ಈಗ ಎಲ್ಲರೂ ಮೂಸಮ್ಮನ ಬಾಗಿಲಿಂದಲೇ ಬರುತ್ತಾರೆ, ಸಿಡುಕದೆ ನಿಲ್ಲುತ್ತಾರೆ. ಆದರೆ ಊಟ ಆಯಿತೇ ಎಂದು ಯಾರೂ ಕೇಳುವುದಿಲ್ಲ.

ನೀತಿ: ಕೇಡು ನಮ್ಮವರಲ್ಲೇ ಹುಟ್ಟಿದರೂ, ಗುರುತು ಸಿಕ್ಕ ದಿನವೇ ಹೇಳಬೇಕು, ಒಂಟಿಯಾದೇನೆಂದು ಹೆದರಿ ಬಾಯಿ ಮುಚ್ಚಬಾರದು.