ಮಿಣುಕಿಯ ಹಿಮ್ಮಡಿ ಯಾಕೆ ಸವೆಯಲಿಲ್ಲ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲದಲ್ಲಿ ಗುಡ್ಡಜ್ಜಿ ಒಂದೇ ಒಂದು ನಿಯಮ ಮಾಡಿದ್ದಳು: ಇಳಿಜಾರಿನಲ್ಲಿ ನಾನು ಕೊಡುವ ಬಲವನ್ನು ಯಾರೂ ಸುಟ್ಟು ಹಾಳು ಮಾಡಬಾರದು. ಆ ನಿಯಮವನ್ನು ಎಲ್ಲರೂ ಮುರಿದರು.

ಆಗ ಗಾಡಿಗಳೂ ಪ್ರಾಣಿಗಳೇ. ಹುಲ್ಲಿನಲ್ಲಿ ಮಲಗುತ್ತಿದ್ದವು, ಗಾಳಿಯ ಜೊತೆ ಹರಟುತ್ತಿದ್ದವು. ಒಂದೊಂದು ಗಾಲಿಗೂ ಒಂದು ಹಿಮ್ಮಡಿ. ಗುಡ್ಡದಿಂದ ದಡದಡ ಇಳಿದು, ಹೊಳೆಯ ತಿರುವಿನಲ್ಲಿ ಹಿಮ್ಮಡಿ ಊರಿ, ಕರ್ರನೆ ಉಜ್ಜಿ ನಿಲ್ಲುವುದು ಅವುಗಳ ಪದ್ಧತಿ. ಯಾರ ಹಿಮ್ಮಡಿ ಹೆಚ್ಚು ಹೊಗೆಯಾಡಿತೋ ಅವರಿಗೆ ಹೆಚ್ಚು ಮರ್ಯಾದೆ.

ಹಿಮ್ಮಡಿ ಸವೆಯುತ್ತಿತ್ತು. ಕರಿ ಪುಡಿ ಹೊಳೆಗೆ ಬೀಳುತ್ತಿತ್ತು. "ನಿಮ್ಮ ಮರ್ಯಾದೆ ನನ್ನ ಮೀನುಗಳ ಗಂಟಲಲ್ಲಿ ಸಿಕ್ಕಿಕೊಂಡಿದೆ," ಎಂದು ಹೊಳೆ ಗೊಣಗುತ್ತಿತ್ತು. ಕೇಳುವವರು ಯಾರು?

ಆ ಹಿಂಡಿನಲ್ಲಿ ಮಿಣುಕಿ ಎಂಬ ಪುಟ್ಟ ಗಾಡಿಯಿದ್ದಳು. ಉಳಿದವರು ಎಣ್ಣೆ ಕುಡಿದರೆ ಇವಳು ಕುಡಿಯುವುದು ಮಿಂಚು. ಒಂದು ಸಂಜೆ ಅವಳು ಗುಡ್ಡದ ತುದಿ ಮುಟ್ಟುವಷ್ಟರಲ್ಲಿ ಹೊಟ್ಟೆಯ ಮಿಂಚು ತಳ ಕಂಡಿತ್ತು. ಮನೆಯೋ, ಹೊಳೆಯಾಚೆಯ ಏರಿನ ಮೇಲೆ.

"ಗುಡ್ಡಜ್ಜೀ, ಆ ಏರು ನನ್ನಿಂದ ಹತ್ತಲಾಗದು."

"ಇಳಿಯುವಾಗ ನಾನು ತಳ್ಳುತ್ತೇನಲ್ಲ, ಅದನ್ನೇನು ಮಾಡುತ್ತೀ?"

"ಎಲ್ಲರ ಹಾಗೆ ಉಜ್ಜಿ ಹೊಗೆ ಮಾಡುತ್ತೇನೆ."

"ಹಸಿದು ಕೂತವಳು ಅನ್ನ ಚೆಲ್ಲುತ್ತೇನೆ ಅನ್ನುತ್ತೀಯಲ್ಲೇ," ಎಂದಳು ಅಜ್ಜಿ.

ಮಿಣುಕಿಗೆ ನಾಚಿಕೆಯಾಯಿತು. ಮಿಂಚು ಗಾಲಿಯನ್ನು ತಿರುಗಿಸುತ್ತದೆ, ಸರಿ. ಗಾಲಿಯೇ ತಿರುಗಿ ಮಿಂಚನ್ನು ಯಾಕೆ ಕಡೆಯಬಾರದು, ಮೊಸರು ಕಡೆದು ಬೆಣ್ಣೆ ತೆಗೆಯುವ ಹಾಗೆ? ಕಡೆಯುವಾಗ ಕಡೆಗೋಲು ಬಿಗಿಯಾಗುತ್ತದೆ. ಆ ಬಿಗಿಯೇ ಓಟವನ್ನು ತಡೆದೀತು.

ಹಿಮ್ಮಡಿ ಎತ್ತಿಕೊಂಡು ಇಳಿದಳು. ಅಜ್ಜಿ ತಳ್ಳಿದಳು, ಗಾಲಿ ಕಡೆಯಿತು, ಓಟ ಹದಕ್ಕೆ ಬಂತು, ಹೊಟ್ಟೆ ಬೆಚ್ಚಗಾಯಿತು. ನಡುವೆ ಒಂದು ಆಮೆ ದಾರಿಗೆ ಅಡ್ಡ ಬಂದಾಗ ಮಾತ್ರ ಹಿಮ್ಮಡಿ ಗಟ್ಟಿಯಾಗಿ ಊರಿದಳು.

"ನಿಧಾನ ತಾಯಿ," ಎಂದಿತು ಆಮೆ, ತಾನೇ ಅವಸರದಲ್ಲಿದ್ದಂತೆ.

ತಿರುವಿನಲ್ಲಿ ಹಿಂಡು ಕಾಯುತ್ತಿತ್ತು. ಹಿಂಡಿನ ಹಿರಿಯ, ಲಾರಿ ದಡಿಯಣ್ಣ, ಮೂಗು ಮುರಿದ. "ಹೊಗೆ ಎಲ್ಲಿ? ಹಿಮ್ಮಡಿ ಯಾತಕ್ಕಿಟ್ಟುಕೊಂಡಿದ್ದೀ, ಪೂಜೆಗಾ?"

"ಬೇಕಾದಾಗ ಊರುವುದಕ್ಕಣ್ಣ. ಆಮೆಯನ್ನು ಕೇಳು."

"ಅದೆಲ್ಲ ಬೇಡ. ವಾಪಸ್ ಹತ್ತಿ, ನೆಟ್ಟಗೆ ಉಜ್ಜಿಕೊಂಡು ಇಳಿದು ಬಾ. ಇಲ್ಲದಿದ್ದರೆ ಹಿಂಡಿನಲ್ಲಿ ಜಾಗವಿಲ್ಲ."

ಮಿಣುಕಿ ಹೊಟ್ಟೆ ಮುಟ್ಟಿ ನೋಡಿಕೊಂಡಳು. ತುಂಬಿರಲಿಲ್ಲ. ಆದರೆ ಎದುರಿನ ಏರಿಗೆ ಸಾಕು. ಇನ್ನೊಂದು ಸಲ ಗುಡ್ಡ ಹತ್ತುವುದಕ್ಕಲ್ಲ. ಒಬ್ಬಳೇ ಹೋಗುವುದೆಂದರೆ ಅವಳಿಗೂ ಭಯವೇ.

"ಉಜ್ಜುವುದಿಲ್ಲ ಅಣ್ಣ," ಎಂದಳು.

ಅದಕ್ಕೇ ಮಗು, ಇವತ್ತಿಗೂ ಮಿಂಚು ಕುಡಿಯುವ ಕಾರು ಇಳಿಜಾರಿನಲ್ಲಿ ತನ್ನ ಹಿಮ್ಮಡಿಯನ್ನು, ಅಂದರೆ ಬ್ರೇಕನ್ನು, ಅಪರೂಪಕ್ಕೆ ಊರುತ್ತದೆ. ಆ ಬ್ರೇಕು ಬೇಗ ಸವೆಯುವುದಿಲ್ಲ, ಮಳೆಗೆ ನೆನೆದರೆ ಕೆಲಸವಿಲ್ಲದೆ ತುಕ್ಕನ್ನೂ ಹಿಡಿಸಿಕೊಳ್ಳುತ್ತದೆ. ಯಾಕೆಂದರೆ ಅಂದು ಮಿಣುಕಿ, ಇಡೀ ಹಿಂಡು ನೋಡುತ್ತಿರುವಾಗ, ದಡಿಯಣ್ಣನ ಪಕ್ಕದಿಂದಲೇ ಸಾಗಿ ಒಬ್ಬಳೇ ಏರು ಹತ್ತಿದಳು.