ಬಿರುದು ಮುಗಿಯದ ರಾಜ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡದ ಕಾಲದಲ್ಲಿ, ನವಿಲುಗುಡ್ಡ ಅಂತ ಒಂದು ಕೋಟೆ ಇತ್ತಂತೆ. ಅಲ್ಲಿನ ರಾಜನ ತಾತ ಒಂದು ರಾಜ್ಯ ಗೆದ್ದು, ಸೋತವನ ಬಿರುದನ್ನ ಕಿತ್ತು ತನ್ನ ಹೆಸರಿಗೆ ಅಂಟಿಸಿಕೊಂಡನಂತೆ. ಆಮೇಲೆ ಅಪ್ಪ ಗೆದ್ದ, ಅವನೂ ಅಂಟಿಸಿಕೊಂಡ. ಆಮೇಲೆ ಈ ರಾಜ ಬಂದ ನೋಡು, ಸಿಕ್ಕಸಿಕ್ಕವರ ಬಿರುದನ್ನೆಲ್ಲ ಬಾಚಿಕೊಂಡನಂತೆ. ಬೆಳಿಗ್ಗೆ ಸಿಂಹಾಸನದಲ್ಲಿ ಕೂತರೆ, ಹೊಗಳುಭಟ ಕೇತಯ್ಯ ಬಿರುದು ಹೇಳಿ ಮುಗಿಸೋ ಹೊತ್ತಿಗೆ ಸೂರ್ಯ ನೆತ್ತಿ ಮೇಲೆ. ನಡುವೆ ಯಾರಾದ್ರೂ ಮಾತಾಡಿದರೆ ನಾಲಿಗೆ ಕತ್ತರಿಸ್ತಿದ್ರಂತೆ. ಕೇತಯ್ಯನೂ ಅಷ್ಟೆ, ಹೊಸದು ಸೇರಿಸಬಹುದು, ನಿಲ್ಲಿಸೋ ಹಾಗಿಲ್ಲ.

ಹಿಂಗಿರೋವಾಗ ಒಂದು ದಿನ, ಬಿರುದಿನ್ನೂ ಅರ್ಧಕ್ಕೆ ಬಂದಿಲ್ಲ, ದೂರದಲ್ಲಿ ಧೂಳು ಎದ್ದಿದೆ ಅಂತ ಹೇಳೋಕೆ ಒಬ್ಬ ಕಾವಲಿನವನು ಓಡಿ ಬಂದ. ಅವನನ್ನ ಬಾಗಿಲಲ್ಲೇ ತಡೆದರು. ಆಮೇಲೆ ಇನ್ನೊಬ್ಬ ಬಂದ, ಅವನ ಬಾಯಿಗೂ ಕೈ ಅಡ್ಡ ಇಟ್ಟರು. ಮೂರನೆಯವನು ಘಾಟಿ, ನುಸುಳಿ ಬಂದು ಕೇತಯ್ಯನ ಕಿವಿಗೇ ಬಾಯಿಟ್ಟ. ಕೇತಣ್ಣಾ, ಶತ್ರುಗಳು ಹೊಳೆ ದಾಟಿ ಬಂದು ಮೂಡಲ ಬಾಗಿಲು ಮುರೀತಾವ್ರೆ ಅಂದ.

ಆ ಬಾಗಿಲ ಪಕ್ಕದ ಮನೇಲೇ ಕೇತಯ್ಯನ ಮಗಳು ಮಾಚವ್ವ, ಹಸಿ ಬಾಣಂತಿ. ನಿಲ್ಲಿಸಿದರೆ ನಾಲಿಗೆ ಹೋಗುತ್ತೆ, ನಿಲ್ಲಿಸದಿದ್ದರೆ ಮಗಳು, ಮೊಮ್ಮಗು ಹೋಗ್ತಾರೆ. ಏನು ಮಾಡಿದ ಗೊತ್ತಾ ಮಗಾ? ದನಿ ಏರಿಸಿ, ಶತ್ರುವಿಗೆ ಹೊಳೆ ಬಿಟ್ಟುಕೊಟ್ಟ ದಾನಶೂರ ಬಹುಪರಾಕ್, ಮೂಡಲ ಬಾಗಿಲು ಮುರಿಸಿಕೊಂಡ ಮಹಾಧೀರ ಬಹುಪರಾಕ್, ಪಡುವಲ ದಿಡ್ಡಿಬಾಗಿಲಿಂದ ಬಾಣಂತಿ ಮಕ್ಕಳನ್ನ ಈಗಿಂದೀಗಲೇ ಕಾಡಿಗೆ ಸಾಗಿಸೋ ಕರುಣಾಳು ಬಹುಪರಾಕ್ ಅಂತ ಕೂಗಿದನಂತೆ.

ರಾಜ ಕಣ್ಣು ಮುಚ್ಚಿ ತಲೆದೂಗ್ತಾ ಇದ್ದ. ಹೊಸ ಬಿರುದು ಅಲ್ವಾ, ಖುಷಿ. ಸಭೆಯವರು ಮಾತ್ರ ಮುಖ ಮುಖ ನೋಡಿಕೊಂಡು, ಒಬ್ಬೊಬ್ಬರೇ ಕಳ್ಳ ಹೆಜ್ಜೆ ಇಟ್ಟು ಹೊರಬಿದ್ದು, ಆಮೇಲೆ ಎದ್ದೆನೋ ಬಿದ್ದೆನೋ ಅಂತ ಓಡಿದರಂತೆ. ಮಾಚವ್ವನನ್ನ ಕೂಸಿನ ಸಮೇತ ಹೊತ್ತುಕೊಂಡು ಹೋದರಂತೆ.

ಅಷ್ಟರಲ್ಲಿ ಶತ್ರು ರಾಜ ಕತ್ತಿ ಹಿರಿದು ಸಭೆಗೆ ನುಗ್ಗಿದ. ನುಗ್ಗಿದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಬಿರುದು ಹೇಳೋವಾಗ ಕತ್ತಿ ಎತ್ತಬಾರದು ಅಂತ ಆ ಸೀಮೆಯ ರಾಜರಿಗೂ ಅವರ ದಂಡಿಗೂ ಕಟ್ಟಳೆ ಕಣೇ. ಕೇತಯ್ಯ ಬಿಟ್ಟಾನಾ, ಇದ್ದದ್ದೂ ಇಲ್ಲದ್ದೂ ಹೊಸೆದು, ಗಂಟಲು ಬಿರಿಯೋ ತನಕ, ಕಟ್ಟಕಡೆಯ ಮಗು ಕಾಡು ಸೇರೋ ತನಕ ಹೇಳಿದನಂತೆ.

ಆಮೇಲೆ ರಾಜ ಕಣ್ಣು ಬಿಟ್ಟ. ನೋಡಿದರೆ ಸಭೆ ಖಾಲಿ, ಎದುರಿಗೆ ಕತ್ತಿ. ಸಿಂಹಾಸನದಿಂದ ಕೆಳಗಿಳಿದು, ಬಿರುದೆಲ್ಲ ನೀನೇ ಇಟ್ಕೊಳ್ಳಪ್ಪ ಅಂದ. ಗೆದ್ದವನಿಗೆ ತಡೀಲಿಲ್ಲ ನೋಡು, ಆಗಲೇ ಸಿಂಹಾಸನ ಹತ್ತಿ ಕೂತ. ಅವನ ಭಟ ಎರಡೂ ರಾಜ್ಯದ ಬಿರುದು ಸೇರಿಸಿ ಶುರುಮಾಡಿದ. ಇನ್ನು ಯಾರೂ ಮಾತಾಡೋ ಹಾಗಿಲ್ಲ, ಕತ್ತಿ ಎತ್ತೋ ಹಾಗಿಲ್ಲ. ಕೇತಯ್ಯ ಸೋತ ರಾಜನ ಕೈ ಹಿಡ್ಕೊಂಡು ಎಲ್ಲರ ಕಣ್ಣೆದುರೇ ನಡೆದು ಹೋದನಂತೆ.

ಕಾಡಲ್ಲಿ ಮಾಚವ್ವ ಗಂಜಿ ಬಡಿಸ್ತಾ, ನಿಮ್ಮನ್ನ ಏನಂತ ಕರೀಲಿ ಅಂತ ಕೇಳಿದಳಂತೆ. ರಾಜ ಎಷ್ಟೋ ಹೊತ್ತು ಯೋಚಿಸಿ, ಬಮ್ಮ, ಚಿಕ್ಕಂದಿನಲ್ಲಿ ಅವ್ವ ಹಂಗೇ ಕರೀತಿದ್ಳು ಅಂದ. ಬಾ ಬಮ್ಮಣ್ಣ, ಉಣ್ಣು ಅಂದಳು. ಅಷ್ಟಕ್ಕೇ ಅವನ ಕಣ್ಣು ತುಂಬಿ ಬಂತಂತೆ.

ಆಮೇಲೆ ಎಲ್ಲರೂ ಅಲ್ಲೇ ಒಂದು ಹಟ್ಟಿ ಕಟ್ಟಿಕೊಂಡು ಸುಖವಾಗಿದ್ರಂತೆ. ಕತೆ ಅಲ್ಲಿಗೆ ಮುಗೀತು, ಈಗ ಈ ಕಡೆ ತಿರುಗಿ ಮಲಗು ಬಂಗಾರಾ.