ಹೂವಿನ ಗುರುತಿನ ಚೆಂಡು

“ಗುರುಗಳೇ, ಒಂದೇ ಊರಿಗೆ ಎರಡು ದಾರಿ ಇವೆ ಎಂದುಕೊಳ್ಳೋಣ. ಒಂದು ಕಷ್ಟದ್ದು, ಬಲ್ಲವರು ನಡೆಯುವಂಥದ್ದು. ಇನ್ನೊಂದು ಸುಲಭದ್ದು, ಬೇರೆಯವರಿಗೆಂದು ಮಾಡಿದ್ದು. ಆ ಎರಡನೆಯ ದಾರಿಯಲ್ಲಿ ನಡೆದವನು ಊರು ಸೇರಿದರೂ ಸೇರಿದಂತೆ ಆಗುತ್ತದೆಯೇ?”

ಹೀಗೆ ಕೇಳಿದವನು ನಾಗಲಿಂಗ. ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವನು ಆ ಕೆಲಸ ಬಿಟ್ಟು ಆಶ್ರಮಕ್ಕೆ ಬಂದು ಎರಡು ವರ್ಷವಾಗಿತ್ತು. ಬೆಳಿಗ್ಗೆ ಬಲ್ಲವರಿಗೆಂದು ನಡೆಯುವ ಸಂಸ್ಕೃತ ಪಾಠದಲ್ಲಿ ಅವನು ಎಲ್ಲರ ಜೊತೆ ಕೂರುತ್ತಿದ್ದ.

“ಯಾರಿಗೆ ಬಂದ ಅನುಮಾನ ಇದು?” ಎಂದರು ಗುರುಗಳು.

“ಯಾರಿಗೂ ಅಲ್ಲ. ಸುಮ್ಮನೆ ಕೇಳಿದೆ.”

ಗುರುಗಳು ಮುಂದೆ ಕೆದಕಲಿಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಚಿನ್ನದ ಗಣಿ ಇದ್ದ ಊರೊಂದರಲ್ಲಿ ಶ್ರೀಕಂಠಪ್ಪ ಎಂಬ ಎಂಜಿನಿಯರ್ ಇದ್ದ. ಗಣಿ ಮುಚ್ಚಿತು. ಜೊತೆಯವರು ಒಬ್ಬೊಬ್ಬರಾಗಿ ಊರು ಬಿಟ್ಟರು. ಅವನು ಬಿಡಲಿಲ್ಲ. ವರ್ಷಗಟ್ಟಲೆ ನೆಲದ ಕೆಳಗೆ ದುಡಿದವನಿಗೆ ನೆಲದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಯಿತು. ವಾರದಲ್ಲಿ ಒಂದೇ ಒಂದು ದಿನ ಅವನ ದನಿ ಏರುತ್ತಿತ್ತು. ಅದು ಭಾನುವಾರ. ಅಂದು ಬೆಳಿಗ್ಗೆ ಅವನು ಗಾಲ್ಫ್ ಆಡಲು ಹೋಗುತ್ತಿದ್ದ.

ಆ ಆಟ ಬಹಳ ಸರಳ. ಉದ್ದನೆಯ ಕೋಲಿನಿಂದ ಪುಟ್ಟ ಚೆಂಡನ್ನು ಹೊಡೆಯಬೇಕು. ದೂರದಲ್ಲಿ ಒಂದು ಕುಳಿ ಇರುತ್ತದೆ, ಅದರೊಳಗೆ ಬೀಳಿಸಬೇಕು. ಕಡಿಮೆ ಹೊಡೆತದಲ್ಲಿ ಬೀಳಿಸಿದವನು ಗೆದ್ದ.

ಅವನ ಜೊತೆಗಾರ ಕೃಷ್ಣೋಜಿ ರಾವ್ ಪೊಲೀಸ್ ಇಲಾಖೆಯಿಂದ ನಿವೃತ್ತನಾದವನು. ಇಬ್ಬರೂ ಹದಿನೆಂಟು ವರ್ಷದಿಂದ ಒಟ್ಟಿಗೆ ಆಡುತ್ತಿದ್ದರು. ಮೈದಾನದ ನಡುವೆ ಒಂದು ಹಳ್ಳ ಹಾದುಹೋಗಿತ್ತು. ಒಂದೇ ಹೊಡೆತಕ್ಕೆ ಅದನ್ನು ದಾಟಿಸುವವರು ಆ ಊರಿನಲ್ಲಿ ಇವರಿಬ್ಬರೇ. ಆಟ ಮುಗಿದ ಮೇಲೆ ಕ್ಲಬ್ಬಿನ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಆ ಹೊಡೆತದ ಮಾತನ್ನೇ ಆಡುತ್ತಿದ್ದರು. ಉಳಿದವರು ಕೇಳುತ್ತಿದ್ದರು.

ಅರವತ್ತೊಂದನೆಯ ವಯಸ್ಸಿನಲ್ಲಿ ಶ್ರೀಕಂಠಪ್ಪ ಸ್ಕೂಟರಿನಿಂದ ಬಿದ್ದ. ಭುಜದ ಮೂಳೆ ಮುರಿಯಿತು. ಎಂಟು ತಿಂಗಳು ಕೋಲು ಮುಟ್ಟಲಿಲ್ಲ. ಮತ್ತೆ ಮೈದಾನಕ್ಕೆ ಬಂದ ದಿನ ಎಂದಿನಂತೆ ಹೊಡೆದ. ಚೆಂಡು ಹಳ್ಳಕ್ಕೆ ಬಿತ್ತು. ಮುಂದಿನ ಭಾನುವಾರವೂ ಬಿತ್ತು. ಮೂರನೆಯ ಭಾನುವಾರ ನಾಲ್ಕು ಚೆಂಡುಗಳು ಹಳ್ಳದ ಪಾಲಾದವು.

ಜಗಲಿಯಲ್ಲಿ ಕೃಷ್ಣೋಜಿ ಎಲ್ಲರಿಗೂ ಕೇಳುವಂತೆ ಹೇಳಿದ: “ಶ್ರೀಕಂಠ, ನೀನಿನ್ನು ಹೆಂಗಸರ ಚೆಂಡು ತಗೋಬೇಕು ಕಣೋ.”

ಎಲ್ಲರೂ ನಕ್ಕರು. ಶ್ರೀಕಂಠಪ್ಪನೂ ನಕ್ಕ. ಮನೆಗೆ ಬಂದವನು ಹೆಂಡತಿ ಸರ್ವಮಂಗಳೆಗೆ, “ಕೋಲುಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡು. ನಾನಿನ್ನು ಹೋಗಲ್ಲ,” ಎಂದ.

ಅವಳು ಕೊಡಲಿಲ್ಲ. ಹಾಗೆಂದು ವಾದಿಸಲೂ ಇಲ್ಲ. ಅವಳೂ ಬುಧವಾರಗಳಂದು ಕೆಲವು ಹೆಂಗಸರೊಡನೆ ಅದೇ ಮೈದಾನದಲ್ಲಿ ಆಡುತ್ತಿದ್ದಳು. ಅವಳ ಚೆಂಡುಗಳು ತಿಳಿ ಗುಲಾಬಿ ಬಣ್ಣದ ಡಬ್ಬದಲ್ಲಿ ಬರುತ್ತಿದ್ದವು. ಚೆಂಡು ಬಿಳಿಯದೇ. ಪ್ರತಿಯೊಂದರ ಮೇಲೂ ಒಂದು ನಂಬರು, ಪಕ್ಕದಲ್ಲಿ ಒಂದು ಪುಟ್ಟ ಹೂವು. ಡಬ್ಬದ ಮೇಲೆ ‘ಮಹಿಳೆಯರಿಗಾಗಿ’ ಎಂದು ಬರೆದಿತ್ತು.

ಎರಡು ಭಾನುವಾರ ಶ್ರೀಕಂಠಪ್ಪ ಮನೆಯಲ್ಲೇ ಕುಳಿತ. ಮೂರನೆಯ ವಾರ, ಯಾರೂ ಇಲ್ಲದ ಒಂದು ಮಧ್ಯಾಹ್ನ, ತಡೆಯಲಾರದೆ ಮೈದಾನಕ್ಕೆ ಹೋದ. ಚೀಲ ತಡಕಿದರೆ ಚೆಂಡು ಒಂದೂ ಇಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಹೆಂಡತಿಯ ಡಬ್ಬ ಇತ್ತು. ಸುತ್ತ ನೋಡಿದ. ಒಂದು ತೆಗೆದು ಇಟ್ಟ. ಹೊಡೆದ.

ಚೆಂಡು ಹಳ್ಳ ದಾಟಿತು.

ಗಾಳಿಯ ದೆಸೆ ಇರಬೇಕು ಎಂದುಕೊಂಡ. ಇನ್ನೊಂದು ಹೊಡೆದ. ಅದೂ ದಾಟಿತು. ಐದು ಹೊಡೆದ, ನಾಲ್ಕು ದಾಟಿದವು. ಹಳ್ಳದ ದಂಡೆಯ ಮೇಲೆ ಕುಳಿತು ಮುಖ ಒರೆಸಿಕೊಂಡ. ಭುಜ ಮುರಿದು ಆಸ್ಪತ್ರೆಯ ಮಂಚದ ಮೇಲಿದ್ದಾಗಲೂ ಅವನು ಅತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ, ಏನೂ ಆಗಿಲ್ಲವೆಂಬಂತೆ ಹೆಂಡತಿಯನ್ನು ಕೇಳಿದ: “ನಿಮ್ಮ ಚೆಂಡಿಗೂ ನಮ್ಮ ಚೆಂಡಿಗೂ ಏನು ವ್ಯತ್ಯಾಸ?”

“ತೂಕವೂ ಒಂದೇ, ಅಳತೆಯೂ ಒಂದೇ. ಒಳಗೆ ಸ್ವಲ್ಪ ಮೆತ್ತಗಿರುತ್ತೆ. ಕೈ ನಿಧಾನವಾಗಿ ಬೀಸಿದರೂ ಚಿಮ್ಮುತ್ತೆ. ನಿಮ್ಮದು ಗಟ್ಟಿ. ಜೋರಾಗಿ ಬೀಸಿದರೆ ಮಾತ್ರ ಮಾತು ಕೇಳುತ್ತೆ,” ಎಂದು ಅವಳು ಅನ್ನ ಬಡಿಸಿದಳು.

“ಹಾಗಾದರೆ ಹೆಂಗಸರಿಗೆ ಅಂತ ಯಾಕೆ ಬರೀತಾರೆ?”

“ಮಾರುವವರು ಬರೀತಾರೆ. ಚೆಂಡಿಗೆ ಏನು ಗೊತ್ತು?”

ಮುಂದಿನ ಭಾನುವಾರ ಶ್ರೀಕಂಠಪ್ಪ ಮೈದಾನಕ್ಕೆ ಹಾಜರಾದ. ಹೊರಡುವ ಮುಂಚೆ ಬಾಗಿಲು ಹಾಕಿಕೊಂಡು, ಹೆಂಡತಿಯ ಡಬ್ಬದ ಒಂದು ಚೆಂಡಿನ ಹೂವಿನ ಮೇಲೆ ಸ್ಕೆಚ್ ಪೆನ್ನಿನಿಂದ ದಪ್ಪನೆಯ ಕಪ್ಪು ಚುಕ್ಕೆ ಇಟ್ಟಿದ್ದ. ಹೂವು ಮುಚ್ಚಿಹೋಗಿತ್ತು. ಅಂದು ಚೆಂಡು ಹಳ್ಳ ದಾಟಿತು. ಕೃಷ್ಣೋಜಿ ಬೆರಗಾದ.

“ಏನು ಮಾಡಿದೆಯೋ?”

“ವ್ಯಾಯಾಮ,” ಎಂದ ಶ್ರೀಕಂಠಪ್ಪ.

“ಯಾವ ವ್ಯಾಯಾಮ? ನನಗೂ ಹೇಳಿಕೊಡು.”

ಹೇಳಿಕೊಡದೆ ವಿಧಿಯಿರಲಿಲ್ಲ. ಆಸ್ಪತ್ರೆಯಲ್ಲಿ ಕಲಿಸಿದ್ದ ಎರಡು ವ್ಯಾಯಾಮಗಳ ಜೊತೆಗೆ ತಾನೇ ಕಟ್ಟಿದ ಮೂರನ್ನು ಸೇರಿಸಿ ತೋರಿಸಿದ.

ಆಟ ಮರಳಿ ಬಂದಿತ್ತು, ಆದರೆ ನೆಮ್ಮದಿ ಬಂದಿರಲಿಲ್ಲ. ಚೆಂಡು ಎಲ್ಲಿ ಬಿದ್ದರೂ ಎಲ್ಲರಿಗಿಂತ ಮೊದಲು ಅಲ್ಲಿಗೆ ಓಡಬೇಕಾಗಿತ್ತು. ಕುಳಿಯಿಂದ ಅದನ್ನು ಬೇರೆ ಯಾರೂ ಎತ್ತದಂತೆ ನೋಡಿಕೊಳ್ಳಬೇಕಾಗಿತ್ತು. ಜಗಲಿಯಲ್ಲಿ ಕಾಫಿ ಕುಡಿಯುವಾಗ ಕೈ ಜೇಬಿನೊಳಗೇ ಇರುತ್ತಿತ್ತು. ಯಾರಾದರೂ ‘ಹೆಂಗಸರ’ ಎಂದರೆ ಸಾಕು, ಕಿವಿ ಬಿಸಿಯಾಗುತ್ತಿತ್ತು. ಹಳ್ಳ ದಾಟಿದಾಗಲೆಲ್ಲ ಮೊದಲು ಖುಷಿ, ಆಮೇಲೆ ಕಳ್ಳನ ಅಳುಕು.

ಕ್ಲಬ್ಬಿನ ವರ್ಷದ ಪಂದ್ಯ ಬಂತು. ಕೊನೆಯ ಆಟಕ್ಕೆ ಉಳಿದವರು ಅವರಿಬ್ಬರೇ. ಊರಿನ ಆಟಗಾರರೆಲ್ಲ ಸೇರಿದ್ದರು, ಸರ್ವಮಂಗಳೆಯೂ ಇದ್ದಳು. ಹಿಂದಿನ ದಿನ ಮಳೆ ಬಂದು ಹುಲ್ಲೆಲ್ಲ ಒದ್ದೆಯಾಗಿತ್ತು.

ಆಟ ಶುರುವಾಗುವ ಮೊದಲು ಇಬ್ಬರೂ ತಮ್ಮ ಚೆಂಡಿನ ಗುರುತು ಹೇಳುವುದು ಪದ್ಧತಿ.

“ಮೂರನೇ ನಂಬರು. ಕಪ್ಪು ಚುಕ್ಕೆ,” ಎಂದ ಶ್ರೀಕಂಠಪ್ಪ. ಯಾವ ಕಂಪನಿಯದೆಂದು ಹೇಳಲಿಲ್ಲ.

“ನಂದೂ ಮೂರು. ನೀಲಿ ಚುಕ್ಕೆ,” ಎಂದ ಕೃಷ್ಣೋಜಿ. ಅವನೂ ಹೇಳಲಿಲ್ಲ. ಕೇಳಿದರೆ ತನ್ನದನ್ನೂ ಹೇಳಬೇಕಾಗುತ್ತದೆಂದು ಶ್ರೀಕಂಠಪ್ಪ ಸುಮ್ಮನಾದ.

ಬಿಸಿಲೇರುವ ಹೊತ್ತಿಗೆ ಇಬ್ಬರೂ ಸಮಸಮ. ಉಳಿದದ್ದು ಕೊನೆಯ ಕುಳಿ. ಇಬ್ಬರ ಚೆಂಡೂ ಹಳ್ಳ ದಾಟಿದವು. ಆದರೆ ಎರಡೂ ದಾರಿ ತಪ್ಪಿ ಆಚೆ ದಂಡೆಯ ಲಂಟಾನ ಪೊದೆಗೆ ನುಗ್ಗಿದವು. ಪೊದೆಯ ಬುಡದಲ್ಲಿ ಮಳೆನೀರು ನಿಂತಿತ್ತು.

ಶ್ರೀಕಂಠಪ್ಪ ಎಂದಿನಂತೆ ಓಡಿದ. ಕೃಷ್ಣೋಜಿಯೂ ಓಡಿದ. ಕ್ಲಬ್ಬಿನ ಕಾರ್ಯದರ್ಶಿ ಹಿಂದೆಯೇ ಬಂದ. ಹುಡುಕಲು ಇರುವುದು ಮೂರೇ ನಿಮಿಷ. ಅಷ್ಟರೊಳಗೆ ಸಿಗದಿದ್ದರೆ, ಸಿಕ್ಕರೂ ತನ್ನದೆಂದು ಗುರುತು ಹೇಳಲಾಗದಿದ್ದರೆ, ಆ ಚೆಂಡು ಕಳೆದುಹೋದಂತೆ.

ಮೊದಲು ಕೈ ಹಾಕಿದವನು ಕೃಷ್ಣೋಜಿ. ಚೆಂಡು ಎತ್ತಿ ಹಿಡಿದ. ನೀರಿನಲ್ಲಿ ಬಣ್ಣ ತೊಳೆದುಹೋಗಿತ್ತು. ಚುಕ್ಕೆ ಇದ್ದ ಜಾಗದಲ್ಲಿ ಪುಟ್ಟ ಹೂವು ಕಾಣುತ್ತಿತ್ತು. ಕೃಷ್ಣೋಜಿಯ ಮುಖ ಇಳಿಯಿತು.

ಸಿಕ್ಕಿಬಿದ್ದೆ ಎಂದುಕೊಂಡ ಶ್ರೀಕಂಠಪ್ಪ. ಒಂದು ಉಪಾಯ ಹೊಳೆಯಿತು. ‘ಅದು ನನ್ನದಲ್ಲ, ಯಾರೋ ಹೆಂಗಸರು ಕಳೆದುಕೊಂಡಿರಬೇಕು’ ಎಂದರೆ ಮುಗಿಯಿತು. ಚೆಂಡು ಹೋಗುತ್ತದೆ, ಪಂದ್ಯ ಹೋಗುತ್ತದೆ, ಮಾನ ಉಳಿಯುತ್ತದೆ. ಬಾಯಿಯವರೆಗೂ ಬಂದ ಮಾತು ಹೊರಡಲಿಲ್ಲ. ಎಂಟು ತಿಂಗಳು ಸುಮ್ಮನಿದ್ದ ಕೈಗೆ ಆಟವನ್ನು ಮರಳಿ ಕೊಟ್ಟ ಚೆಂಡು ಅದು. ಅದನ್ನು ನನ್ನದಲ್ಲ ಎನ್ನಲು ಅವನಿಗೆ ನಾಲಗೆ ಬರಲಿಲ್ಲ.

“ಅದು ನಂದು,” ಎಂದ. “ಹೆಂಗಸರ ಚೆಂಡು. ಆರು ತಿಂಗಳಿಂದ ಅದರಲ್ಲೇ ಆಡ್ತಿದ್ದೀನಿ. ವ್ಯಾಯಾಮ ಅಂದದ್ದೆಲ್ಲ ಸುಳ್ಳು. ನಗುವುದಿದ್ದರೆ ನಕ್ಕುಬಿಡು.”

ಕೃಷ್ಣೋಜಿ ನಗಲಿಲ್ಲ. ಕೈಯಲ್ಲಿದ್ದ ಚೆಂಡನ್ನು ನೋಡಿದ, ಗೆಳೆಯನನ್ನು ನೋಡಿದ.

“ಅಲ್ಲ ಕಣೋ,” ಎಂದ ಮೆಲ್ಲಗೆ. “ಇದು ನಂದು.”

ಅಷ್ಟರಲ್ಲಿ ಕಾರ್ಯದರ್ಶಿ ಪೊದೆಯ ಇನ್ನೊಂದು ಬದಿಯಿಂದ ಎರಡನೆಯ ಚೆಂಡು ತಂದ. ಅದರ ಮೇಲೂ ಮೂರು. ಅದರ ಮೇಲೂ ಹೂವು. ಕಪ್ಪೂ ಇಲ್ಲ, ನೀಲಿಯೂ ಇಲ್ಲ.

ಕೃಷ್ಣೋಜಿ ಒದ್ದೆ ಹುಲ್ಲಿನ ಮೇಲೆಯೇ ಕುಸಿದು ಕುಳಿತ. “ಎರಡು ವರ್ಷ ಆಯ್ತು ಶ್ರೀಕಂಠ. ಮಣಿಕಟ್ಟು ಜೋಮು ಹಿಡಿಯುತ್ತೆ. ಬೆಂಗಳೂರಿನ ಅಂಗಡಿಗೆ ಹೋಗಿ, ಸೊಸೆಗೆ ಬೇಕು ಅಂತ ಹೇಳಿ ತರ್ತೀನಿ. ಆ ದಿನ ಎಲ್ಲರ ಮುಂದೆ ನಿನ್ನನ್ನು ಆಡಿಕೊಂಡೆನಲ್ಲ, ಆಗ ನನ್ನ ಜೇಬಿನಲ್ಲಿ ಇದೇ ಇತ್ತು. ನನ್ನ ಮೇಲೆ ಅನುಮಾನ ಬರಬಾರದು ಅಂತ ಹಾಗಂದೆ. ಅದಾದ ಮೇಲೆ ನೀನು ಎರಡು ವಾರ ಬರಲಿಲ್ಲ. ನನಗೆ ನಿದ್ದೆ ಬರಲಿಲ್ಲ ಕಣೋ.”

ಶ್ರೀಕಂಠಪ್ಪನೂ ಪಕ್ಕದಲ್ಲಿ ಕುಳಿತ. “ವ್ಯಾಯಾಮ ಮಾಡಿದೆಯಾ?” ಎಂದು ಕೇಳಿದ.

“ಮಾಡಿದೆ. ಸೊಂಟ ಹಿಡ್ಕೊಂಡಿತು.”

ಇಬ್ಬರಿಗೂ ನಗು ಬಂತು. ಮೊದಲು ಸಣ್ಣಗೆ ಬಂತು, ಆಮೇಲೆ ತಡೆಯಲಾಗಲಿಲ್ಲ. ಹಳ್ಳದ ಈಚೆ ನಿಂತಿದ್ದವರಿಗೆ ಪೊದೆಯ ಬಳಿ ಇಬ್ಬರು ಮುದುಕರು ಕಣ್ಣೊರೆಸಿಕೊಳ್ಳುವುದಷ್ಟೇ ಕಂಡಿತು. ಏನಾಯಿತೋ ಎಂದು ಓಡಿಬಂದರು. ಕೃಷ್ಣೋಜಿ ಎರಡೂ ಚೆಂಡುಗಳನ್ನು ಎತ್ತಿ ಎಲ್ಲರಿಗೂ ತೋರಿಸಿದ. ತಾನು ಮಾಡಿದ್ದನ್ನೂ ಆಡಿದ್ದನ್ನೂ ತಾನೇ ಹೇಳಿದ. ಯಾರೂ ಗೇಲಿ ಮಾಡಲಿಲ್ಲ. ಹಿಂದೆ ನಿಂತಿದ್ದ ಒಬ್ಬ ವಯಸ್ಸಾದ ಡಾಕ್ಟರು ಮಾತ್ರ, “ಆ ಅಂಗಡಿ ಎಲ್ಲಿ?” ಎಂದು ಕೇಳಿದ.

ಕಾರ್ಯದರ್ಶಿ ನಿಯಮ ಹೇಳಿದ. ಯಾವುದು ಯಾರದೆಂದು ಹೇಳಲು ಬರದ ಕಾರಣ ಎರಡೂ ಕಳೆದುಹೋದ ಚೆಂಡುಗಳೇ. ಇಬ್ಬರೂ ಹಿಂದೆ ಹೋಗಿ ಮತ್ತೆ ಹೊಡೆಯಬೇಕು. ಇಬ್ಬರ ಚೀಲದಲ್ಲೂ ಇದ್ದದ್ದು ಹೂವಿನ ಚೆಂಡುಗಳೇ. ಈ ಸಲ ಯಾರೂ ಚುಕ್ಕೆ ಇಡಲಿಲ್ಲ. ಗುರುತಿಗೆಂದು ಒಬ್ಬ ನಂಬರು ಒಂದನ್ನು ತೆಗೆದುಕೊಂಡ, ಇನ್ನೊಬ್ಬ ನಾಲ್ಕನ್ನು. ಶ್ರೀಕಂಠಪ್ಪನ ಚೆಂಡು ಹಳ್ಳ ದಾಟಿತು. ಅವನು ಓಡಲಿಲ್ಲ. ಗೆಳೆಯನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ನಡೆದು ಹೋದ. ಆ ಆರು ತಿಂಗಳಲ್ಲಿ ಚೆಂಡಿನ ಹಿಂದೆ ಅವನು ನಡೆದು ಹೋದದ್ದು ಅದೇ ಮೊದಲು.

ಒಂದು ಹೊಡೆತದ ಅಂತರದಲ್ಲಿ ಬಹುಮಾನದ ಬೆಳ್ಳಿ ಬಟ್ಟಲು ಕೃಷ್ಣೋಜಿಯ ಪಾಲಾಯಿತು. ಸೋತ ಶ್ರೀಕಂಠಪ್ಪನ ಮುಖದಲ್ಲಿ ಗೆದ್ದವನಿಗಿಂತ ಹೆಚ್ಚು ಕಳೆ ಇತ್ತು.

ಮನೆಗೆ ಹೋಗುವ ದಾರಿಯಲ್ಲಿ ಅವನು ಹೆಂಡತಿಗೆ, “ನಿನಗೆ ಮೊದಲೇ ಹೇಳಬೇಕಿತ್ತು,” ಎಂದ.

“ಹೇಳೋದೇನು ಬಂತು? ಆರು ತಿಂಗಳಿಂದ ಎರಡೆರಡು ಡಬ್ಬ ತರಿಸ್ತಾ ಇದ್ದೀನಿ,” ಎಂದಳು ಸರ್ವಮಂಗಳೆ. “ನೀವು ಮತ್ತೆ ಮಾತಾಡೋಕೆ ಶುರು ಮಾಡಿದ್ರಲ್ಲ. ನನಗೆ ಅಷ್ಟೇ ಬೇಕಾಗಿತ್ತು.”

ಗುರುಗಳು ಕತೆ ಮುಗಿಸಿದರು. ನಾಗಲಿಂಗನ ಮುಖ ಹಗುರಾಗಿತ್ತು. ಆದರೂ ಅವನೊಳಗಿನ ಗಣಿತದ ಮೇಷ್ಟ್ರು ಸುಮ್ಮನಿರಲಿಲ್ಲ.

“ಅಂದರೆ ಸೇರಿದಂತೆಯೇ ಲೆಕ್ಕ, ಅಲ್ಲವೇ ಗುರುಗಳೇ? ಹಾಗಾದರೆ ಆ ಆರು ತಿಂಗಳು ಅವನು ಪಟ್ಟ ಕಷ್ಟ ಯಾವುದರದು?”

ಗುರುಗಳು ಎದ್ದು ನಿಂತರು.

“ಮಧ್ಯಾಹ್ನ ನಾನು ಹೆಂಗಸರಿಗೆ ತಿಳಿಗನ್ನಡದಲ್ಲಿ ಪಾಠ ಹೇಳುವಾಗ ನೀನು ಕಿಟಕಿಯ ಹೊರಗೆ ಬಿಸಿಲಲ್ಲಿ ನಿಂತು ಕೇಳುತ್ತೀಯಲ್ಲ, ನಾಗಲಿಂಗ, ಒಳಗೆ ಚಾಪೆ ಹಾಸಿದೆ.”

ಅಂದು ಮಧ್ಯಾಹ್ನ ನಾಗಲಿಂಗ ಒಳಗೆ ಬಂದು ಚಾಪೆಯ ಮೇಲೆ ಕುಳಿತ.